ಎಷ್ಟು ಜನ?

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವನು ಒಮ್ಮೆಯಾದರೂ ನಗೆಪಾಟಲಾಗಿರುತ್ತಾನೆ. ನಾನು ನಾಲ್ಕು ಕಡೆ ಆದೆ. ಊರಿಗೆ ಹೋದಾಗಲೆಲ್ಲ ಬಸ್‌ಸ್ಟ್ಯಾಂಡಿನ ಹೋಟೆಲಿನವನು ಕೇಳುತ್ತಿದ್ದ, "ಏನಪ್ಪಾ, ಬೆಂಗಳೂರಲ್ಲಿ ಯಾವ ಕಡೆ ವಾಸಿ?" ಎಲ್ಲಾ ಒಂದೇ ಅನ್ನುತ್ತಿದ್ದೆ. ಒಂದೇ ಅಲ್ಲ. ಅದನ್ನು ಹೇಳುವಷ್ಟರಲ್ಲಿ ಕಾಫಿ ಆರಿಹೋಗುತ್ತಿತ್ತು.

ನಮ್ಮದು ವಿಜಯಪುರ, ದೇವನಹಳ್ಳಿ ತಾಲ್ಲೂಕು. ನಾನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅರವತ್ತರ ದಶಕದ ಮಾತು. ನಮಗೆ ಒಬ್ಬಳೇ ಮಗಳು. ನಾಲ್ಕು ತುಂಬುವ ಮೊದಲು ಜ್ವರದಲ್ಲಿ ತೀರಿಕೊಂಡಳು. ಅದಾಗಿ ಸ್ವಲ್ಪ ದಿನಕ್ಕೆ ನನಗೆ ಬೆಂಗಳೂರಿಗೆ ವರ್ಗವಾಯಿತು. ಹೆಂಡತಿ ಪಾತ್ರೆ ಕಟ್ಟಿದಳು. ಮಗುವಿನ ಚಿಕ್ಕ ಚಾಪೆಯನ್ನೂ ಸುತ್ತಿ ಕಂಕುಳಲ್ಲಿಟ್ಟುಕೊಂಡಳು. ನಾನು ಟ್ರಂಕು ಎತ್ತಿಕೊಂಡೆ.

ಕಾಟನ್‌ಪೇಟೆ

ವಠಾರದ ಮಾಲೀಕ ಜಗಲಿ ಮೇಲೆ ಕೂತು ಎಲೆಅಡಿಕೆ ಹಾಕುತ್ತಿದ್ದ.

"ಎಷ್ಟು ಜನ?"

ನಾನು ಬಾಯಿ ತೆಗೆಯುವಷ್ಟರಲ್ಲಿ ಇವಳು "ಮೂರು" ಅಂದಳು. ನಾನು ಬಾಯಿ ಮುಚ್ಚಿದೆ. ಆಮೇಲೂ ಆ ಮಾತು ಎತ್ತಲಿಲ್ಲ. ಹೆತ್ತವಳು ಎಣಿಸಿದ್ದನ್ನು ತಿದ್ದಲು ನಾನು ಯಾರು?

ಅಂಥ ಗಲಾಟೆ ವಠಾರ ಇನ್ನೊಂದಿರಲಿಕ್ಕಿಲ್ಲ. ಒಂದು ನಲ್ಲಿ, ಅದರ ಸುತ್ತ ಹತ್ತು ಮನೆ ಹೆಂಗಸರು. ಎರಡು ಮನೆಯಲ್ಲಿ ಮಗ್ಗ. ಕೊಡ ಕೊಡಕ್ಕೆ ತಾಗಿದರೆ ಮಧ್ಯಾಹ್ನದವರೆಗೂ ಜಗಳ. ಪಕ್ಕದ ಮನೆ ಅಜ್ಜಿ ಇವಳನ್ನು ಕೇಳಿದಳು, "ಮೂರು ಜನ ಅಂದ್ರಂತೆ, ಇನ್ನೊಬ್ಬರು ಎಲ್ಲವ್ವ?"

"ಮಗು. ಮಲಗಿದೆ."

ಅವತ್ತಿನಿಂದ ವಠಾರ ನಮ್ಮ ಬಾಗಿಲ ಮುಂದೆ ಬಂದಾಗ ಬೆಕ್ಕಿನಂತೆ ನಡೆಯಿತು. ನಲ್ಲಿ ಹತ್ತಿರ ಪಿಸುಮಾತಿನಲ್ಲೇ ಜಗಳ. ಪಿಸುಮಾತಿನಲ್ಲಿ ಬೈಯುವವರನ್ನು ಅಲ್ಲೇ ನೋಡಿದ್ದು. ಹುಟ್ಟಿದಾಗಿನಿಂದ ಅರಚುತ್ತಲೇ ಬಂದ ಮಾಲೀಕನೂ, "ಮೆಲ್ಲಗೆ ಕಣ್ರೇ, ಮಗು ಮಲಗೈತೆ" ಅಂದ. ಅದನ್ನೂ ಅರಚಿಯೇ ಅಂದ.

ತಿಂಗಳಾದ ಮೇಲೆ ಅವನು ನನ್ನನ್ನು ತಡೆದು ನಿಲ್ಲಿಸಿದ.

"ನಿನ್ನ ಮಗು ಒಂದ್ ದಿನಾನೂ ಅತ್ತಿದ್ದು ಕೇಳ್ಲಿಲ್ವಲ್ಲಪ್ಪಾ?"

"ಅಳಲ್ಲ."

"ಪುಣ್ಯವಂತ ಕಣಯ್ಯ ನೀನು" ಅಂದ. "ನಂದು ಐದೂ ಅರಚ್ತವೆ."

ಮಲ್ಲೇಶ್ವರ

ಇಲ್ಲಿ ಜಗಳವಿಲ್ಲ. ಎದುರು ಮನೆಯವರು ಎದುರು ಸಿಕ್ಕರೂ ಮಾತಾಡುವುದಿಲ್ಲ. ಆದರೆ ನಮ್ಮ ಮನೆ ಸಾರಿಗೆ ಏನು ಹಾಕಿದ್ದೆವು ಎಂಬುದು ಎಲ್ಲರಿಗೂ ಗೊತ್ತು. ನನಗೆ ಒಗ್ಗುವ ಜಾಗ. ಮಾಲೀಕರು ಕಚೇರಿಯಿಂದ ನಿವೃತ್ತರಾದವರು. ಎಷ್ಟು ಜನ ಎಂದು ಕೇಳಿದರು, ಇವಳು ಮೂರು ಅಂದಳು, ಅವರು ತಲೆಯಾಡಿಸಿ ಬೀಗದ ಕೈ ಕೊಟ್ಟರು.

ಆಮೇಲೆ ನೋಡತೊಡಗಿದರು. ಹಗ್ಗದ ಮೇಲೆ ಇಬ್ಬರದೇ ಬಟ್ಟೆ. ಬಾಗಿಲಲ್ಲಿ ಇಬ್ಬರದೇ ಚಪ್ಪಲಿ. ನೀರು ಕಾಯಿಸುವ ನೆಪದಲ್ಲಿ ಹಿತ್ತಲಿಗೆ ಬಂದು ಇಣುಕಿದರು. ಒಂದು ಭಾನುವಾರ ಒಳಗೇ ಬಂದು ಕುರ್ಚಿ ಎಳೆದುಕೊಂಡು ಕೂತರು.

"ನೋಡಿ, ನಾನು ಬಹಳ ವರ್ಷದಿಂದ ಮನೆ ಬಾಡಿಗೆಗೆ ಕೊಡ್ತಿದೀನಿ. ಇಬ್ಬರು ಅಂತ ಹೇಳಿ ಏಳು ಜನ ತುಂಬಿಕೊಂಡೋರನ್ನ ಕಂಡಿದೀನಿ. ಮೂರು ಅಂತ ಹೇಳಿ ಇಬ್ಬರೇ ಇರೋರನ್ನ ಕಂಡಿಲ್ಲ. ಇದರಲ್ಲಿ ಏನು ಮೋಸ ಇದೆ, ಹೇಳಿಬಿಡಿ."

"ಇಲ್ಲ" ಅಂದೆ.

"ಇದೆ. ನನಗೆ ಗೊತ್ತಾಗ್ತಿಲ್ಲ, ಅಷ್ಟೇ."

ಪಾಪ, ಅವರಿಗೆ ಅದೇ ಚಿಂತೆಯಾಯಿತು. ಊಟ ಸೇರಲಿಲ್ಲವಂತೆ. ಕೊನೆಗೆ ಅವರ ಹೆಂಡತಿಯೇ ಬಂದು, "ಇವರ ಆರೋಗ್ಯಕ್ಕೋಸ್ಕರ ಖಾಲಿ ಮಾಡಿಬಿಡಿ" ಎಂದು ಕೇಳಿಕೊಂಡರು. ಮಾಡಿದೆವು.

ಶಿವಾಜಿನಗರ

ಬೀದಿ ತುಂಬ ಗಾಡಿ. ಒಂದು ಕಿವಿಗೆ ತಮಿಳು, ಒಂದು ಕಿವಿಗೆ ಉರ್ದು. ಮನೆಯೊಡತಿ ವಯಸ್ಸಾದ ಮುಸ್ಲಿಂ ವಿಧವೆ, ಕೆಳಗೆ ಇದ್ದರು. ನಾವು ಮೇಲೆ. ಮೂರು ಜನ ಅಂದಿದ್ದಕ್ಕೆ, "ಚಿಕ್ಕದು ಐತಾ ಬೇಟಿ?" ಎಂದು ಕೇಳಿದರು. ಇವಳು ಹೂಂ ಅಂದಳು. ಆಕೆ ಮೆಟ್ಟಿಲು ಹತ್ತಿ ಬಂದು ನೋಡಲಿಲ್ಲ, ಮೊಣಕಾಲು ನೋವು.

ರಂಜಾನ್ ಹಬ್ಬದ ದಿನ ಮೇಲಕ್ಕೆ ಶಾವಿಗೆ ಪಾಯಸ ಬಂತು. ಎರಡು ದೊಡ್ಡ ಬಟ್ಟಲು, ಒಂದು ಚಿಕ್ಕ ಬಟ್ಟಲು. ಚಿಕ್ಕದರಲ್ಲಿ ಬಾದಾಮಿ ಜಾಸ್ತಿ.

ಇವಳು ಚಿಕ್ಕ ಬಟ್ಟಲನ್ನು ಚಾಪೆಯ ಮುಂದಿಟ್ಟು ಬಹಳ ಹೊತ್ತು ಕೂತಿದ್ದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನೀರು ಹಿಡಿಯಲು ಹೋದಳು. ಬರುವಷ್ಟರಲ್ಲಿ ಬಟ್ಟಲು ಖಾಲಿ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. ಬಟ್ಟಲು ತೊಳೆದು, ಸಕ್ಕರೆ ತುಂಬಿಸಿ ಕೆಳಗೆ ಕೊಟ್ಟಳು.

"ಬಚ್ಚಿ ತಿಂತಾ?" ಎಂದು ಆಕೆ ಕೇಳಿದ್ದು ಮೇಲಕ್ಕೆ ಕೇಳಿಸಿತು.

"ತಿಂದ್ಲು. ಮೀಸೆಗೆಲ್ಲಾ ಮೆತ್ತಿಕೊಂಡು ತಿಂದ್ಲು."

ಮಗಳು ಹೋದ ಮೇಲೆ ಅವಳು ನಕ್ಕಿದ್ದು ಅವತ್ತೇ.

ಜಯನಗರ

ಆಗ ಅದು ಊರಲ್ಲ. ಖಾಲಿ ಸೈಟು, ಕಲ್ಲು, ಗಾಳಿ. ನಡುವೆ ನಮ್ಮದೊಂದು ಮನೆ. ಮೂರು ಜನ ಅಂದಾಗ ಮಾಲೀಕನಿಗೆ ಬೇಜಾರಾಯಿತು. "ಬರೀ ಮೂರೇನಾ? ಇನ್ನೂ ನಾಕು ಜನ ಇದ್ರೆ ಕರ್ಕೊಂಡ್ ಬನ್ನಿ ಸಾರ್. ಕಳ್ಳರಿಗೆ ಭಯ ಇರುತ್ತೆ."

ಇವಳಿಗೆ ಕಾಯಿಲೆಯಾಯಿತು. ಆಸ್ಪತ್ರೆಗೆ ಹೊರಡುವಾಗ, "ಬಾಗಿಲು ಹಾಕ್ಕೊಂಡು ಹೋಗ್ಬೇಡಿ, ಒಳಗಿದಾಳೆ" ಅಂದಳು. ಬಾಗಿಲು ಹಾಗೇ ಬಿಟ್ಟು ಹೋದೆ. ಅವಳು ವಾಪಸು ಬರಲಿಲ್ಲ. ನಾನು ಬಂದಾಗ ಬಾಗಿಲು ತೆರೆದೇ ಇತ್ತು. ಒಂದು ಚಮಚವೂ ಕಳುವಾಗಿರಲಿಲ್ಲ.

ಜಯನಗರ ಹೇಗೆ ಎಂದು ಯಾರಾದರೂ ಕೇಳಿದರೆ, ಕಳ್ಳರಿಲ್ಲ ಅನ್ನುತ್ತೇನೆ.

ವಿಜಯಪುರ

ಕೇಳಿಕೊಂಡು ಊರಿಗೇ ವರ್ಗ ಮಾಡಿಸಿಕೊಂಡೆ. ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ನಾವು ಮೊದಲಿದ್ದ ಮನೆ ಬೇರೆಯವರ ಪಾಲಾಗಿತ್ತು. ಮಿಷನ್ನಿನಲ್ಲಿ ರೇಷ್ಮೆ ನೂಲು ಹುರಿ ಮಾಡುವ ಶೆಡ್ಡಿನ ಹಿಂದೆ ಒಂದು ಕೋಣೆ, ಒಂದು ಅಡುಗೆಮನೆ ಖಾಲಿ ಇದೆ ಎಂದು ಹೋಟೆಲಿನವನು ಹೇಳಿದ. ಶೆಡ್ಡಿನವನು ಹಿಂದೂಪುರದ ಕಡೆಯಿಂದ ಬಂದವನು. ಅವನಿಗೆ ನನ್ನ ವಿಷಯ ಏನೂ ಗೊತ್ತಿಲ್ಲ.

ನನ್ನ ಕೈಯಲ್ಲಿ ಒಂದು ಟ್ರಂಕು. ಕಂಕುಳಲ್ಲಿ ಚಾಪೆ.

"ಎಷ್ಟು ಜನಣ್ಣ?"

ಪಕ್ಕಕ್ಕೆ ತಿರುಗಿದೆ. ಉತ್ತರ ಹೇಳುವವಳು ಅಲ್ಲಿರಲಿಲ್ಲ.

"ಮೂರು" ಅಂದೆ.

ಅವನು ನನ್ನ ಬೆನ್ನ ಹಿಂದೆ ಬೀದಿ ನೋಡಿದ. ಬೀದಿಯಲ್ಲಿ ಒಂದು ಎಮ್ಮೆ ಹೋಗುತ್ತಿತ್ತು.

"ಹಿಂದೆ ಬರ್ತಾ ಅವ್ರಾ?"

"ಜೊತೇಲೇ ಇದಾರೆ."

ಮಿಷನ್ ಸದ್ದಿನಲ್ಲಿ ಅವನಿಗೆ ಎಷ್ಟು ಕೇಳಿಸಿತೋ. ಚಾಪೆಯ ಅಳತೆ ನೋಡಿ ಕೇಳಿದ, "ಮಗು ಐತೆ ಅನ್ನು. ಈ ಸದ್ದಿಗೆ ಎದ್ದು ಅಳಲ್ವಾ?"

"ಅಳಲ್ಲ."

"ಮನೆಯವ್ರು ನೀರಿಗೆ ಜಗಳ ಗಿಗಳ?"

"ಆಡಲ್ಲ."

ಅವನಿಗೆ ಸಮಾಧಾನವಾಯಿತು. ಬಾಗಿಲು ತೆಗೆದುಕೊಟ್ಟ.

"ಮೊದಲೇ ಕೇಳ್ಕೊಂಡಿದ್ದು ಒಳ್ಳೇದಾಯ್ತು. ಬೇಜಾರು ಮಾಡ್ಕೋಬೇಡಣ್ಣ, ಒಂಟಿ ಗಂಡಸರಿಗೆ ನಾನು ಮನೆ ಕೊಡಲ್ಲ."

"ಕೊಡಬೇಡ" ಅಂದೆ. ಒಳಗೆ ಹೋಗಿ ಚಾಪೆ ಹಾಸಿದೆ.