ಬ್ಯಾನಿ ಎಂಬ ಶಬ್ದಕ್ಕೆ ನಾನು ಕೊಟ್ಟ ಅರ್ಥ

ಕನ್ನಡ ನನಗೆ ಬರುತ್ತದೆ ಎಂಬ ವಿಷಯದಲ್ಲಿ ಐವತ್ತೊಂದು ವರ್ಷ ನನಗೆ ಯಾವ ಸಂಶಯವೂ ಇರಲಿಲ್ಲ. ಮೈಸೂರಿನಲ್ಲಿ ಹುಟ್ಟಿದವಳು, ಕನ್ನಡದಲ್ಲೇ ಎಂ.ಎ. ಮಾಡಿದವಳು, ಇಪ್ಪತ್ತಾರು ವರ್ಷ ಪಿಯುಸಿ ಮಕ್ಕಳಿಗೆ ಸಂಧಿ ಸಮಾಸ ಕಲಿಸಿ ಅವರ ಶಾಪ ಕಟ್ಟಿಕೊಂಡವಳು. ಹೀಗಾಗಿ ಮಸ್ಕಿಯ ಕಾಲೇಜಿಗೆ ವರ್ಗವಾದಾಗ ನಮ್ಮತ್ತೆ, "ಅಷ್ಟು ದೂರ, ಪರದೇಶ ಇದ್ದಂಗೆ. ಅವರ ಭಾಷೆ ನಿನಗೆ ಅರ್ಥ ಆಗತ್ತೇನೇ?" ಎಂದು ಕಣ್ಣೊರೆಸಿಕೊಂಡರೆ ನಾನು ನಕ್ಕುಬಿಟ್ಟೆ.

"ಕನ್ನಡ ಲೆಕ್ಚರರಿಗೆ ಕನ್ನಡನಾಡಿನಲ್ಲಿ ಭಾಷೆಯ ತೊಂದರೆಯೇ ಅತ್ತೆ?"

ಆ ನಗು ಮಸ್ಕಿ ತಲುಪಿದ ಮೊದಲ ದಿನವೇ ಅರ್ಧವಾಯಿತು. ಪ್ರಿನ್ಸಿಪಾಲರನ್ನು ಕಾಣಲು ಹೋದರೆ ಜವಾನ, "ಸಾಹೇಬ್ರು ಊಟಕ್ಕ ಹೋಗ್ಯಾರ. ಹೊಳ್ಳಿ ಬರ್ರಿ" ಎಂದ. ಹೊಳ್ಳಿ ಎಂಬುದು ಊರೋ ಓಣಿಯೋ ತಿಳಿಯದೆ, "ಹೊಳ್ಳಿಗೆ ಇಲ್ಲಿಂದ ಆಟೋ ಸಿಗುತ್ತಾಪ್ಪ?" ಎಂದು ಕೇಳಿದೆ. ತಿರುಗಿ ಬನ್ನಿ ಎಂದಷ್ಟೇ ಅದರ ಅರ್ಥವಂತೆ! ಸಂಜೆ ಮನೆ ಮಾಲೀಕರ ಹೆಂಡತಿ ಬಂದು, "ಶೇಂಗಾ ಹಿಂಡಿ ಮಾಡಿದ್ವಿ, ತಿನ್ರಿ" ಎಂದು ಒಂದು ಬಟ್ಟಲು ಕೊಟ್ಟರು. ನಮ್ಮ ಕಡೆ ಹಿಂಡಿ ತಿನ್ನುವುದು ಎಮ್ಮೆ. ನಾನು ಬಟ್ಟಲನ್ನೂ ಅವರನ್ನೂ ನೋಡುತ್ತಾ ನಿಂತಿದ್ದೆ. ನಮ್ಮ ಯಜಮಾನರು ಮಾತ್ರ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, "ಚಟ್ನಿಪುಡಿ ಕಣೇ, ಪಸಂದಾಗಿದೆ!" ಎಂದರು. ಸ್ವಯಂ ನಿವೃತ್ತಿ ತೆಗೆದುಕೊಂಡು ನನ್ನ ಹಿಂದೆ ಬಂದ ಈ ಮನುಷ್ಯ ದಿನಾ ಹೋಟೆಲಿನ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಲೇ ಊರಿನ ಭಾಷೆ ಕಲಿಯತೊಡಗಿದ್ದರು.

ನಾನು ಹಾಗೆ ಕಲಿಯುವವಳಲ್ಲ. ನನ್ನದು ಶಾಸ್ತ್ರೀಯ ಮಾರ್ಗ. ಇನ್ನೂರು ಪುಟದ ನೋಟುಬುಕ್ಕು ತಂದು, ರಟ್ಟಿನ ಮೇಲೆ 'ಮಸ್ಕಿ–ಮೈಸೂರು ಶಬ್ದಕೋಶ' ಎಂದು ದುಂಡಗೆ ಬರೆದು, ಕಿವಿಗೆ ಬಿದ್ದದ್ದನ್ನೆಲ್ಲ ಅಕಾರಾದಿಯಾಗಿ ದಾಖಲಿಸತೊಡಗಿದೆ. ಪ್ರತಿ ಶಬ್ದಕ್ಕೂ ಆಧಾರ ಬೇಕು ಎಂಬುದು ನನ್ನ ನಿಯಮ.

ಬ್ಯಾನಿ ಎಂಬ ಶಬ್ದಕ್ಕೆ ಸಿಕ್ಕಂಥ ಗಟ್ಟಿ ಆಧಾರ ಬೇರಾವುದಕ್ಕೂ ಸಿಕ್ಕಿರಲಿಲ್ಲ. ಇತಿಹಾಸದ ಲೆಕ್ಚರರ್ ಅಮರೇಶ ಒಂದು ದಿನ ಫೋನು ಬಂದದ್ದೇ ತಡ, "ಮೇಡಂ, ನಮ್ಮಾಕಿಗೆ ಬ್ಯಾನಿ ಸುರು ಆಗ್ಯಾವಂತ್ರೀ, ಸಿಂಧನೂರಿಗೆ ಹೊಂಟೀನಿ!" ಎಂದು ಸ್ಟಾಫ್ ರೂಮಿನಿಂದ ಓಡಿದ. ಮೂರನೇ ದಿನ ಡಬ್ಬಿ ತುಂಬ ಪೇಡೆ ತಂದು, "ಹೆಣ್ಣು ಕೂಸ್ರೀ" ಎಂದು ಎಲ್ಲರ ಬಾಯಿ ಸಿಹಿ ಮಾಡಿದ. ನಾನು ಪೇಡೆ ತಿನ್ನುತ್ತಲೇ ಬರೆದೆ: "ಬ್ಯಾನಿ – ನಾಮಪದ – ಹೆರಿಗೆ." ಕೆಳಗೆ ಕೆಂಪು ಗೆರೆ ಎಳೆದೆ.

ಈಗ ಆ ಭಾನುವಾರಕ್ಕೆ ಬರುತ್ತೇನೆ. ಒಂದು ಕೂಲರ್ ನೋಡಿಕೊಂಡು ಬರೋಣವೆಂದು ನಾವಿಬ್ಬರೂ ಲಿಂಗಸುಗೂರಿಗೆ ಹೊರಟಿದ್ದೆವು. ಯಜಮಾನರಿಗೆ ಆಗಷ್ಟೇ ಕಣ್ಣಿನ ಪೊರೆ ತೆಗೆಸಿದ್ದರಿಂದ ಕಾರು ಓಡಿಸುವ ಭಾರ ನನ್ನ ಮೇಲೆ. ನಾನು ಲೈಸೆನ್ಸ್ ಪಡೆದು ಎರಡು ತಿಂಗಳಾಗಿತ್ತು. ಮೂರನೇ ಗೇರು ದಾಟಿದರೆ ನನ್ನ ಬಾಯಲ್ಲಿ ರಾಮನಾಮ ತಾನಾಗಿ ಬರುತ್ತಿತ್ತು.

ಮಸ್ಕಿ ಬಸ್‌ಸ್ಟ್ಯಾಂಡ್ ದಾಟುವಷ್ಟರಲ್ಲಿ, ಧೋತರ ಉಟ್ಟು ರುಮಾಲು ಸುತ್ತಿದ ಮುದುಕನೊಬ್ಬ ಎರಡೂ ಕೈ ಎತ್ತಿ ಕಾರಿಗೆ ಅಡ್ಡ ಬಂದ. ಅವನ ಹಿಂದೆ ಒಬ್ಬ ದಷ್ಟಪುಷ್ಟ ಹೆಂಗಸು. ತಲೆ, ಕೆನ್ನೆ, ಬಾಯಿ ಎಲ್ಲ ಸೆರಗಿನಲ್ಲಿ ಮುಚ್ಚಿಕೊಂಡು, ಹೊಟ್ಟೆಯನ್ನು ಎರಡೂ ಕೈಯಿಂದ ತಬ್ಬಿ ಹಿಡಿದು ನರಳುತ್ತಿದ್ದಳು. ಹೊಟ್ಟೆಯೋ, ಈ ಊರಿನ ಕುಂಬಳಕಾಯಿಯಷ್ಟಿತ್ತು!

"ಮೇಡಮ್ಮಾರ, ಲಿಂಗಸುಗೂರ ಕಡೆ ಹೊಂಟೀರೇನ್ರೀ? ನಾ ಪಾಮನಕಲ್ಲೂರ ಯಂಕಪ್ಪ. ಈಕಿ ನಮ್ಮ ಸೊಸಿ ಹುಲಿಗೆಮ್ಮ. ಬಸ್ಸು ಕೆಟ್ಟು ನಿಂತದಂತ. ಈಕಿಗೆ ಬ್ಯಾನಿ ಭಾಳ ಆಗ್ಯಾದ್ರೀ. ಮೂರು ದಿನ ಆತು, ಒಂದು ತುತ್ತು ಉಂಡಿಲ್ಲ, ಕಣ್ಣು ಮುಚ್ಚಿಲ್ಲ. ಒಂದರೊಳಗ ಮುಟ್ಟಲಿಲ್ಲಂದ್ರ ಡಾಕ್ಟರು ಹೊಂಟುಬಿಡ್ತಾರ!"

ಬ್ಯಾನಿ! ಗಂಟೆ ನೋಡಿದರೆ ಹನ್ನೆರಡಕ್ಕೆ ಹತ್ತು ನಿಮಿಷ.

"ಹತ್ತಿಸಿ, ಬೇಗ ಹತ್ತಿಸಿ!" ಎಂದೆ. ಇಬ್ಬರೂ ಹಿಂದೆ ಕೂತರು. ಯಜಮಾನರು ನನ್ನ ಕಿವಿಯಲ್ಲಿ, "ಏನಂತೆ?" ಎಂದರು. "ಹೆರಿಗೆ" ಎಂದೆ. ಅವರು ಸೀಟ್ ಬೆಲ್ಟನ್ನು ಎರಡು ಸಲ ಹಾಕಿಕೊಂಡರು.

ಕಾರು ಊರು ಬಿಟ್ಟಿತು. ಎರಡೂ ಬದಿ ಜೋಳದ ಹೊಲ, ನಡುವೆ ರಸ್ತೆ, ರಸ್ತೆಯ ನಡುವೆ ನಾನು. ಹಿಂದಿನಿಂದ ಆಕೆ "ಊಂ... ಊಂ..." ಎಂದಾಗಲೆಲ್ಲ ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ನನಗೆ ನಿಜವಾಗಿ ಭಯವಾಗಿತ್ತು. ಮಗು ಕಾರಿನಲ್ಲೇ ಹುಟ್ಟಿಬಿಟ್ಟರೆ? ತಾಯಿಗೇನಾದರೂ ಆದರೆ? ನಾನು ಕಲಿತದ್ದು ಸಂಧಿ ಬಿಡಿಸುವುದನ್ನು ಮಾತ್ರ!

ಧೈರ್ಯ ತೋರಿಸಬೇಕೆಂದು ಮಾತು ತೆಗೆದೆ. "ಇವಳ ಗಂಡ ಎಲ್ಲಿ?"

"ತುರ್ವಿಹಾಳಕ್ಕ ನೆಲ್ಲು ಕೊಯ್ಯಾಕ ಹೋಗ್ಯಾನ್ರೀ."

ಇಂಥ ದಿನ ಭತ್ತ ಕೊಯ್ಯಲು ಹೋದ ಗಂಡಸನ್ನು ಮನಸ್ಸಿನಲ್ಲೇ ಬೈದು, "ಇದು ಎಷ್ಟನೇದು?" ಎಂದೆ.

"ಎರಡನೇದ್ರೀ. ಹ್ವಾದ ವರ್ಷ ಒಂದು ತಗಸೀವಿ."

ಸ್ಟೀರಿಂಗ್ ಕೈತಪ್ಪಿ ಕಾರು ರಸ್ತೆ ಬಿಟ್ಟು ಇಳಿದು ಮತ್ತೆ ಹತ್ತಿತು. "ತೆಗೆಸಿದಿರಾ! ಯಾಕ್ರೀ?"

"ಹುಳಾ ಹತ್ತಿತ್ರೀ. ಒಳಗ ಪೂರಾ ಟೊಳ್ಳಾಗಿತ್ತು."

ಎಂಥ ಮೂಢನಂಬಿಕೆ! ನನ್ನ ರಕ್ತ ಕುದಿಯಿತು. "ನೋಡಿ ಯಂಕಪ್ಪನವರೇ, ಇದನ್ನಂತೂ ತೆಗೆಸಕೂಡದು. ದೇವರು ಕೊಟ್ಟದ್ದು. ಉಳಿಸಿಕೊಳ್ಳಬೇಕು!"

"ಉಳಿಸಬೌದು ಅಂತ ಡಾಕ್ಟರೂ ಅಂದಾರ್ರೀ. ಅದಕ್ಕ ಸಿಮಿಂಟ ತುಂಬಬೇಕಂತ."

ಸಿಮೆಂಟು! ಸೊಸೆ ಸಾವು ಬದುಕಿನ ನಡುವೆ ಇರುವಾಗ ಈ ಮನುಷ್ಯನಿಗೆ ಮನೆ ಕಟ್ಟುವ ಚಿಂತೆ! ನಾನು ಅವನ ಜೊತೆ ಮಾತು ಬಿಟ್ಟೆ.

ಯಜಮಾನರು ಹಿಂದೆ ತಿರುಗಿ ತಮ್ಮ ಹೊಸ ಕಣ್ಣಿನಿಂದ ನೋಡಿ, "ಏನೋ ಸರಿಯಿಲ್ಲ ಕಣೇ. ಆ ಹೆಂಗಸಿನ ಒಂದೇ ಕೆನ್ನೆ ಊದಿದೆ" ಎಂದರು.

"ಬಸುರಿಯರಿಗೆ ಮುಖ ಊದತ್ತೆ ಕಣ್ರೀ. ನಿಮಗೇನು ಗೊತ್ತು!"

ಹುಲಿಗೆಮ್ಮ ಏನೋ ಹೇಳಲು ನೋಡಿದಳು. ಬಾಯಿ ತೆರೆಯಲಾಗದೆ ತಲೆಯನ್ನು ಜೋರಾಗಿ ಅಲ್ಲಾಡಿಸಿದಳು. ಹೆದರಿದ್ದಾಳೆಂದು ತಿಳಿದು ನಾನು ಟಿವಿಯಲ್ಲಿ ನೋಡಿದ್ದ ಉಪಾಯ ಹೇಳಿದೆ. "ಬಾಯಿ ಅಗಲವಾಗಿ ತೆಗಿಯಮ್ಮಾ. ಜೋರಾಗಿ ಉಸಿರು ಎಳ್ಕೋ. ಹಾಂ, ಎಳಿ!"

ಆಕೆ ಒಲ್ಲದ ಮನಸ್ಸಿನಿಂದ ಎಳೆದಳು. ಎಳೆದವಳೇ "ಹ್ಯಾಂ!" ಎಂದು ಕಿರುಚಿದ ಸದ್ದಿಗೆ ಹೊಲದ ಗುಬ್ಬಿಗಳೆಲ್ಲ ಎದ್ದವು.

"ಹತ್ತಿರ ಬಂತು!" ಎಂದು ಕೂಗಿ, ಜೀವಮಾನದಲ್ಲಿ ಮೊದಲ ಬಾರಿಗೆ ನಾಲ್ಕನೇ ಗೇರು ಹಾಕಿದೆ.

ಲಿಂಗಸುಗೂರು ತಲುಪಿದಾಗ ಹನ್ನೆರಡೂ ಮುಕ್ಕಾಲು. ಯಂಕಪ್ಪ ಹಿಂದಿನಿಂದ, "ಈ ಕಡೆ ಅಲ್ರೀ, ಆ ಕಡೆ, ಆ ಕಡೆ!" ಎನ್ನುತ್ತಿದ್ದ. ಸಿಮೆಂಟಿನ ಮನುಷ್ಯನ ಮಾತು ಯಾರು ಕೇಳುತ್ತಾರೆ? ಕಾರನ್ನು ನೇರವಾಗಿ ಹೆರಿಗೆ ಆಸ್ಪತ್ರೆಯ ಮೆಟ್ಟಿಲಿಗೆ ತಂದು ನಿಲ್ಲಿಸಿ, "ಸ್ಟ್ರೆಚರ್! ಸ್ಟ್ರೆಚರ್!" ಎಂದು ಕೂಗಿದೆ. ಇಪ್ಪತ್ತಾರು ವರ್ಷ ಪಾಠ ಮಾಡಿದ ಗಂಟಲು. ಮೂರು ಜನ ಓಡಿ ಬಂದರು. ಹುಲಿಗೆಮ್ಮ ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡು ಇಳಿಯಲೊಲ್ಲೆ ಎಂದು ತಲೆ ಅಲ್ಲಾಡಿಸಿದಳು. ನಾವು ನಾಲ್ವರು ಸೇರಿ ಆಕೆಯನ್ನು ಎತ್ತಿ ಮಲಗಿಸಿದೆವು.

ಹಿರಿಯ ನರ್ಸಮ್ಮ ಬಂದು ಕೇಳಿದರು, "ಎಷ್ಟು ತಿಂಗಳ್ರೀ?"

"ಮೂರು ತಿಂಗಳಿಂದ ಅದಾ ರೀ" ಎಂದ ಯಂಕಪ್ಪ.

"ಮೂರು ತಿಂಗಳಿಗೆ ಇಷ್ಟು ಹೊಟ್ಟೀನಾ? ತಾಯಿ ಕಾರ್ಡ್ ಎಲ್ಲಿ?"

"ಇದು ಕಾರ್ಡ್ ಕೇಳೋ ಹೊತ್ತೇನ್ರೀ?" ಎಂದು ನಾನು ಸಿಡಿದೆ.

ನರ್ಸಮ್ಮ ನನ್ನನ್ನು ಒಮ್ಮೆ ನೋಡಿ, ಹುಲಿಗೆಮ್ಮನ ಕೈ ಬಿಡಿಸಿ, ಸೆರಗು ಸರಿಸಿದರು. ಒಳಗಿನಿಂದ ಒಂದು ಬಟ್ಟೆಯ ಗಂಟು ಹೊರಗೆ ಬಂತು. ಬಿಚ್ಚಿದರು. ಹದಿನೈದು ಜೋಳದ ಖಡಕ್ ರೊಟ್ಟಿ, ಒಂದು ಪೊಟ್ಟಣ ಶೇಂಗಾ ಹಿಂಡಿ.

ಯಂಕಪ್ಪ ಹೇಳಿದ, ಅದು ಲಿಂಗಸುಗೂರಿನಲ್ಲಿರುವ ಅವಳ ತಂಗಿಗೆಂದು ಕಟ್ಟಿಕೊಂಡು ಬಂದ ಬುತ್ತಿಯಂತೆ! ಮುರಿಯಬಾರದೆಂದು ದಾರಿಯುದ್ದಕ್ಕೂ ಹೊಟ್ಟೆಗೆ ಅವಚಿ ಹಿಡಿದಿದ್ದಳಂತೆ!

"ಯವ್ವಾ, ನಿನಗೇನಾಗ್ಯಾದ?" ಎಂದು ನರ್ಸಮ್ಮ ಮೆಲ್ಲಗೆ ಕೇಳಿದರು. ಹುಲಿಗೆಮ್ಮ ಕಣ್ಣಲ್ಲಿ ನೀರು ತುಂಬಿಕೊಂಡು, ಬಾಯಿ ಒಂದಿಷ್ಟೇ ತೆರೆದು, ಬೆರಳಿಟ್ಟು ತೋರಿಸಿದಳು.

"ಅಯ್ಯ, ಇದು ಹಲ್ಲು ಬ್ಯಾನಿ!" ಎಂದರು ನರ್ಸಮ್ಮ. ಆಮೇಲೆ ನನ್ನ ಕಡೆ ತಿರುಗಿ ಬಹಳ ಗೌರವದಿಂದ, "ಮೇಡಂ, ಹಲ್ಲು ಹಡಿಯೋ ವಾರ್ಡು ನಮ್ಮಲ್ಲಿಲ್ರೀ" ಎಂದರು.

ಹಲ್ಲು ಬ್ಯಾನಿ, ತಲೆ ಬ್ಯಾನಿ, ಕಾಲು ಬ್ಯಾನಿ. ಬ್ಯಾನಿ ಎಂದರೆ ನಮ್ಮ ಬೇನೆಯೇ. ಬೇನೆ ಎಂದರೆ ನೋವು, ಯಾವ ನೋವಾದರೂ ಸರಿ. ಹಳಗನ್ನಡ ಪದ್ಯ ಪಾಠ ಮಾಡುವಾಗ ಈ ಅರ್ಥವನ್ನು ಕಪ್ಪು ಹಲಗೆಯ ಮೇಲೆ ನಾನೇ ನೂರು ಸಲ ಬರೆದಿದ್ದೇನೆ! ಅಮರೇಶನ ಪೇಡೆ ತಿಂದ ಮೇಲೆ ಎಲ್ಲ ಮರೆತಿತ್ತು. ಪುಸ್ತಕದ ಬದನೆಕಾಯಿ ಎಂದು ನನ್ನಂಥವರನ್ನು ಕಂಡೇ ಅಂದಿರಬೇಕು.

ನಾಚಿಕೆಪಡಲು ಪುರುಸೊತ್ತು ಇರಲಿಲ್ಲ. ಯಂಕಪ್ಪ ಅಳುವುದೊಂದು ಬಾಕಿ. "ಹಲ್ಲಿನ ಡಾಕ್ಟರು ರವಿವಾರ ಒಂದಾ ದಿನ ಬರ್ತಾರ್ರೀ, ಒಂದಕ್ಕ ಹೊಂಟುಬಿಡ್ತಾರ. ತಪ್ಪಿದ್ರ ಮತ್ತ ಎಂಟು ದಿನ ಈಕಿ ಹೆಂಗ ತಡೀಬೇಕ್ರೀ?"

ಹನ್ನೆರಡು ಐವತ್ತೆರಡು! ಮೂರು ದಿನ ಉಪವಾಸವಿದ್ದ ಹೆಂಗಸನ್ನು, ಹಲ್ಲು ಕೊಳೆತ ಬಾಯಿಗೆ ಗಾಳಿ ಎಳೆದುಕೋ ಎಂದು ಹಿಂಸಿಸಿ, ಅವಳ ವೈದ್ಯರನ್ನೂ ತಪ್ಪಿಸುತ್ತಿದ್ದೇನಲ್ಲ! ನನ್ನ ಮೇಲೆ ನನಗೇ ಅಸಹ್ಯವಾಯಿತು. ಮತ್ತೆ ಎಲ್ಲರನ್ನೂ ಕಾರಿಗೆ ತುಂಬಿದೆ. ಈ ಸಲ ಯಂಕಪ್ಪ "ಆ ಕಡೆ" ಎಂದರೆ ಆ ಕಡೆ, "ಈ ಕಡೆ" ಎಂದರೆ ಈ ಕಡೆ. ಒಂದು ತಳ್ಳುಗಾಡಿಯ ಬಾಳೆಹಣ್ಣಿಗೆ ತಾಗಿಸಿ, ಒಂದು ಎತ್ತಿನ ಕೊಂಬಿನಿಂದ ಕೂದಲೆಳೆಯಲ್ಲಿ ಪಾರಾಗಿ ದವಾಖಾನೆ ಮುಟ್ಟಿದಾಗ, ಡಾಕ್ಟರು ಶಟರನ್ನು ಅರ್ಧ ಎಳೆದಾಗಿತ್ತು.

ನಾನು ಓಡಿ ಹೋಗಿ ಶಟರಿನ ಕೆಳಗೆ ಕೂತುಬಿಟ್ಟೆ! ಎಂ.ಎ. ಪದವಿ, ಇಳಕಲ್ ಸೀರೆ, ಐವತ್ತೊಂದು ವರ್ಷ, ಎಲ್ಲವೂ ನೆಲದ ಮೇಲೆ.

"ಬ್ಯಾನಿ ಡಾಕ್ಟ್ರೇ! ಎರಡನೇದು! ಹುಳ ಹತ್ತಿದೆ, ಸಿಮೆಂಟು ತುಂಬ್ತೀರೋ ತೆಗೀತೀರೋ ನೋಡಿ!"

"ಯಾವ ಕಡೀದು?" ಎಂದರು ಡಾಕ್ಟರು ನನ್ನನ್ನು ನೋಡಿ, ಶಟರು ಮೇಲೆತ್ತುತ್ತಾ. ನಾನು ಆ ಶಬ್ದವನ್ನು ಮೊದಲ ಬಾರಿಗೆ ಸರಿಯಾಗಿ ಬಳಸಿದ್ದೆ.

ಸಿಮೆಂಟಿನ ಹಂತ ದಾಟಿತ್ತಂತೆ, ಹಲ್ಲು ಕಿತ್ತರು. ಒಳಗಿನಿಂದ ಹುಲಿಗೆಮ್ಮನ ನರಳಾಟ ಕೇಳುತ್ತಿದ್ದಷ್ಟು ಹೊತ್ತೂ ನಾನು ಹೊರಗೆ ಶತಪಥ ಹಾಕಿದೆ. ಬೆಂಚಿನ ಮೇಲೆ ಯಜಮಾನರು ಯಂಕಪ್ಪನಿಗೆ ನನ್ನ ಶಬ್ದಕೋಶದ ಕಥೆಯನ್ನು ಅಮರೇಶನ ಪೇಡೆ ಸಮೇತ ಹೇಳುತ್ತಿದ್ದರು. ಮುದುಕ ರುಮಾಲು ಬಿಚ್ಚಿ ಕಣ್ಣೊರೆಸಿಕೊಂಡು ನಗುತ್ತಿದ್ದ. ಅರ್ಧ ಗಂಟೆಯ ಮೇಲೆ ಹುಲಿಗೆಮ್ಮ ಬಾಯಲ್ಲಿ ಹತ್ತಿ ಕಚ್ಚಿಕೊಂಡು ಹೊರಬಂದಳು. ನಾನು ಕೈಮುಗಿದೆ. ಅವಳೂ ಮುಗಿದಳು. ಆ ದಿನ ಪೂರ್ತಿ ಅವಳ ಒಂದು ಮಾತನ್ನೂ ನಾನು ಕೇಳಲಿಲ್ಲ.

ಮುಂದಿನ ವಾರ ಸ್ಟಾಫ್ ರೂಮಿನ ಬಾಗಿಲಲ್ಲಿ, "ಮೇಡಮ್ಮಾರ ಅದಾರೇನ್ರೀ?" ಎಂಬ ದನಿ ಕೇಳಿಸಿತು. ನೋಡಿದರೆ ಹುಲಿಗೆಮ್ಮ! ಕೆನ್ನೆ ಇಳಿದು ಚೆಂದ ಕಾಣುತ್ತಿದ್ದಳು. ಕೈಯಲ್ಲಿ ಒಂದು ಡಬ್ಬಿ ಪೇಡೆ.

"ನಮ್ಮ ಕಡೆ ಹಲ್ಲು ತಗಸಿದ್ರ ಪೇಡೆ ಹಂಚೋ ಪದ್ಧತಿ ಇಲ್ರೀ. ಬ್ಯಾನಿ ಅಂದ್ರ ಪೇಡೆ ಅಂತ ನಿಮ್ಮ ದೇಶದಾಗ ಐತಂತ ನಮ್ಮ ಮಾವ ಅಂದ. ಅದಕ್ಕ ತಂದೀನಿ."

ಅಮರೇಶ ಮೇಜಿನ ಕೆಳಗೆ ಪೆನ್ನು ಹುಡುಕಲು ಹೋದವನು ಬಹಳ ಹೊತ್ತು ಮೇಲೆ ಬರಲಿಲ್ಲ.

ಹುಲಿಗೆಮ್ಮ ನನ್ನ ಕೈ ಹಿಡಿದುಕೊಂಡು, "ನಗಬ್ಯಾಡ್ರಿ ಸರ. ಎಷ್ಟು ಗಾಡಿಗೆ ಕೈ ಮಾಡಿದ್ವಿ, ಒಂದೂ ನಿಂದ್ರಲಿಲ್ಲ. ಮೇಡಮ್ಮಾರು ನಿಂತ್ರು" ಎಂದಳು. ನನ್ನ ಕಣ್ಣು ತುಂಬಿ ಬಂತು. ಆ ಮಾತಿನಲ್ಲಿ ಅರ್ಥವಾಗದ ಶಬ್ದ ಒಂದೂ ಇರಲಿಲ್ಲ.

ಸಂಜೆ ಮನೆಗೆ ಬಂದು ನೋಟುಬುಕ್ಕು ತೆಗೆದು, 'ಹೆರಿಗೆ' ಎಂಬುದನ್ನು ಹೊಡೆದುಹಾಕಿ 'ನೋವು' ಎಂದು ತಿದ್ದಿದೆ. ಹೆಮ್ಮೆಯಿಂದ ಒಂದು ಪೇಡೆ ಕಚ್ಚಿದೆ. ಹಿಂದಿನ ದವಡೆ ಹಲ್ಲಿನಿಂದ ಏನೋ ಝುಮ್ಮೆಂದು ತಲೆಯವರೆಗೆ ಹೋಯಿತು. ಕೆನ್ನೆ ಹಿಡಿದುಕೊಂಡೆ.

"ಏನಾಯ್ತೇ?" ಎಂದರು ಯಜಮಾನರು ಪೇಪರಿನಿಂದ ತಲೆಯೆತ್ತದೆ.

"ಬ್ಯಾನಿ" ಎಂದೆ.

"ಎಷ್ಟನೇದು?"