ಟೋಪಿ ವ್ಯಾನಿನ ಛಾವಣಿ ಎತ್ತಿದ ಬಗೆ

ತುಮಕೂರು
೧೨ ಫೆಬ್ರವರಿ ೧೯೮೨

ಛಾವಣಿ ಎತ್ತುವ ವಿಭಾಗದ ಮುಖ್ಯಸ್ಥರಿಗೆ,
ಮನೆವ್ಯಾನು ತಯಾರಿಸುವ ಕಂಪನಿ, ಪರದೇಶ

ಸಮುದ್ರದಾಚೆ ಕುಳಿತೇ ನಮ್ಮ ತಲೆಗಳ ಮೇಲೆ ಇಷ್ಟೊಂದು ಪ್ರಭಾವ ಬೀರಿರುವ ಮಾನ್ಯರೇ,

ತಾವೂ ತಮ್ಮ ವಿಭಾಗದ ಸಮಸ್ತ ಸಿಬ್ಬಂದಿಯೂ ಕ್ಷೇಮವೆಂದು ನಂಬಿದ್ದೇನೆ. ತಮ್ಮ ಕಚೇರಿಯ ಛಾವಣಿಯೂ ಭದ್ರವಾಗಿಯೇ ಇರಬೇಕು. ಅದನ್ನು ಕಟ್ಟಿದವರು ಬೇರೆ ಯಾರೋ ಇದ್ದಾರು. ಈ ಹಿಂದೆ ನಾನು ತಮಗೆ ಬರೆದ ಮೂರು ಪತ್ರಗಳು ಇಂಗ್ಲಿಷಿನಲ್ಲಿದ್ದವು, ಕಾಲೇಜಿನ ಮೇಷ್ಟ್ರೊಬ್ಬರು ಕೂತು ವ್ಯಾಕರಣವನ್ನೂ ತಿದ್ದಿಕೊಟ್ಟಿದ್ದರು. ಅವು ತಮಗೆ ಅರ್ಥವಾಗಲಿಲ್ಲವೆಂದು ತಮ್ಮ ಉತ್ತರಗಳಿಂದ ತಿಳಿದುಬಂದ ಕಾರಣ, ಈ ಸಲ ಕನ್ನಡದಲ್ಲೇ ಬರೆದು ನಮ್ಮೂರಿನ ವಾರಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿದ್ದೇನೆ. ತಮಗೆ ತಿಳಿಯದಿದ್ದರೂ ಇಲ್ಲಿ ನಾಲ್ಕು ಜನಕ್ಕಾದರೂ ತಿಳಿಯುತ್ತದೆ.

ನನ್ನ ಪರಿಚಯ ತಮಗೆ ಮರೆತಿರಬಹುದು. ನಾನು ಖುರ್ಷಿದಾ ಬೇಗಂ. ನನ್ನ ಯಜಮಾನರು ಅಬ್ದುಲ್ ರಶೀದ್ ತುಮಕೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಾರೆ. ಸ್ಟುಡಿಯೋಗೆ ಗಂಡಸರು ಬರುತ್ತಿದ್ದರು, ಮಕ್ಕಳು ಬರುತ್ತಿದ್ದರು, ಒಂದೆರಡು ಸಲ ಬಹುಮಾನ ಗೆದ್ದ ಹೋರಿಗಳೂ ಬಂದಿದ್ದವು. ಹೆಂಗಸರು ಮಾತ್ರ ಬರುತ್ತಿರಲಿಲ್ಲ. ನಮ್ಮ ಬೀದಿಯ ಹೆಂಗಸರು ಪರಗಂಡಸಿನ ಎದುರು ಮುಸುಕು ತೆಗೆಯುವುದಿಲ್ಲ, ಹಳ್ಳಿಯ ಹೆಂಗಸರಿಗೆ ಫೋಟೋಗಾಗಿ ಬಸ್ಸು ಹತ್ತುವಷ್ಟು ಬಿಡುವಿರುವುದಿಲ್ಲ. ಹಾಗಾಗಿ, ವೀರಗಲ್ಲುಗಳನ್ನು ನೋಡಲು ಬಂದಿದ್ದ ವಿದೇಶಿ ವಿದ್ವಾಂಸರೊಬ್ಬರು ೧೯೭೬ರಲ್ಲಿ ತಮ್ಮ ದೇಶಕ್ಕೆ ಹಿಂದಿರುಗುವಾಗ ಒಳಗೇ ಉಂಡು ಮಲಗಬಹುದಾದ ತಮ್ಮ ಕಂಪನಿಯ ವ್ಯಾನನ್ನು ನಮಗೆ ಬಿಟ್ಟುಕೊಟ್ಟಾಗ, ನಾನು ಯಜಮಾನರಿಂದ ಕ್ಯಾಮೆರಾ ಹಿಡಿಯುವುದನ್ನು ಕಲಿತೆ. ಮಂಗಳವಾರ ಗುಬ್ಬಿ, ಗುರುವಾರ ಕುಣಿಗಲ್. ಅವರು ಗಾಡಿ ಓಡಿಸಿ ಮರದ ಕೆಳಗೆ ಪೇಪರ್ ಓದುತ್ತಾ ಕೂರುವುದು, ನಾನು ಒಳಗೆ ಹೆಂಗಸರ ಫೋಟೋ ತೆಗೆಯುವುದು.

ಇದೆಲ್ಲ ಸಾಧ್ಯವಾದದ್ದು ತಮ್ಮ ಛಾವಣಿಯಿಂದ, ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಒಳಗೆ ನಿಂತು ಮೇಲಕ್ಕೆ ತಳ್ಳಿದರೆ ನಾಲ್ಕು ಮೂಲೆಯಲ್ಲಿ ಮಡಚಿಕೊಂಡಿದ್ದ ಕಬ್ಬಿಣದ ತೋಳುಗಳು ಸ್ಪ್ರಿಂಗಿನ ಬಲದಿಂದ ನೆಟ್ಟಗಾಗಿ ಛಾವಣಿಯನ್ನು ಎರಡಡಿ ಎತ್ತಿ ಹಿಡಿಯುತ್ತಿದ್ದವು, ಸುತ್ತಲೂ ಬಿಳಿ ಕ್ಯಾನ್ವಾಸ್ ಬಿಚ್ಚಿಕೊಳ್ಳುತ್ತಿತ್ತು. ಆ ಕ್ಯಾನ್ವಾಸಿನಿಂದ ಸೋಸಿ ಬರುವ ಬೆಳಕಿನಲ್ಲಿ ಎಂಥ ಬಿಸಿಲಿಗೆ ಬೆಂದ ಮುಖವೂ ಆಗ ತಾನೇ ತೊಳೆದಂತೆ ಕಾಣುತ್ತಿತ್ತು. ಕರೆಂಟು ಬೇಡ, ದೀಪ ಬೇಡ. ಜನ ಅದಕ್ಕೆ ಟೋಪಿ ವ್ಯಾನ್ ಎಂದು ಹೆಸರಿಟ್ಟರು. ಟೋಪಿ ಹಾಕಿದ್ದು ವ್ಯಾನಿಗೋ ನಮಗೋ ಎಂಬ ಅನುಮಾನ ನಮಗೆ ಬಂದದ್ದು ನಾಲ್ಕು ವರ್ಷ ಕಳೆದ ಮೇಲೆ.

ಗುಬ್ಬಿಯಲ್ಲಿ ಮಹಾಲಕ್ಷ್ಮಮ್ಮನವರು ತಮ್ಮ ಯಜಮಾನ ಚನ್ನವೀರಯ್ಯನವರ ಜೊತೆ ಜೋಡಿ ಫೋಟೋಗೆ ಕೂತಿದ್ದರು. ಚನ್ನವೀರಯ್ಯನವರು ಜರಿ ಪೇಟ ಸುತ್ತಿದ್ದರು. ನಾನು ಕ್ಯಾಮೆರಾದ ಕಪ್ಪು ಬಟ್ಟೆಯೊಳಗೆ ತಲೆ ಹುದುಗಿಸಿ ನೋಡುತ್ತಿದ್ದಾಗ, ತಮ್ಮ ಛಾವಣಿ ಒಂದಿಷ್ಟೂ ಸದ್ದಿಲ್ಲದೆ, ಬಹಳ ಸಭ್ಯವಾಗಿ ಇಳಿಯುತ್ತಾ ಬಂದು ಅವರ ಪೇಟದ ಮೇಲೆ ಕೂತಿತು. ಆ ಹಿರಿಯರು ಅಲ್ಲಾಡಲಿಲ್ಲ. ನಾನು ಗಾಬರಿಯಿಂದ ಓಡಿ ಹೋಗಿ ಎತ್ತಿ ಹಿಡಿದಾಗ, "ಫೋಟೋ ಅಂದ್ರೆ ಹಿಂಗೇ ಇರ್ತದೇನೋ ಅಂದ್ಕೊಂಡೆ ಕಣಮ್ಮ, ಅದ್ಕೇ ಸುಮ್ನೆ ಕೂತಿದ್ದೆ," ಎಂದರು. ಮಹಾಲಕ್ಷ್ಮಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಮೂವತ್ತು ವರ್ಷದಲ್ಲಿ ಇವ್ರನ್ನ ಇಷ್ಟು ಹೊತ್ತು ಬಾಯಿ ಮುಚ್ಕೊಂಡು ಕೂರ್ಸಿದ್ದು ಇದೊಂದೇ," ಎಂದರು. ತಮ್ಮ ಯಂತ್ರಕ್ಕೆ ಈ ಜಿಲ್ಲೆಯಲ್ಲಿ ಸಿಕ್ಕ ಮೊದಲ ಪ್ರಶಂಸೆ ಅದು. ತಮಗೆ ತಲುಪಿಸುವುದು ನನ್ನ ಕರ್ತವ್ಯ.

ಆಮೇಲೆ ನಾನು ತಮಗೆ ಬರೆದೆ. ನಾಲ್ಕು ತಿಂಗಳಿಗೆ ಉತ್ತರ ಬಂತು. ಛಾವಣಿ ಎತ್ತುವ ಸಲಕರಣೆಯನ್ನು ತಮ್ಮ ಅಧಿಕೃತ ಕಾರ್ಯಾಗಾರದಲ್ಲೇ ಬದಲಾಯಿಸಬೇಕೆಂದೂ, ನಮಗೆ ಅತಿ ಹತ್ತಿರದ ಕಾರ್ಯಾಗಾರ ಟೆಹರಾನಿನಲ್ಲಿದೆಯೆಂದೂ ತಿಳಿಸಿದ್ದಿರಿ. ತುಮಕೂರಿನಿಂದ ಟೆಹರಾನಿಗೆ ಹೋಗುವ ಬಸ್ಸು ಹೆಬ್ಬೂರಿನಲ್ಲಿ ನಿಲ್ಲುತ್ತದೆಯೇ ಎಂದು ನನ್ನ ಯಜಮಾನರು ಬಸ್ ನಿಲ್ದಾಣದಲ್ಲಿ ವಿಚಾರಿಸಿದರು, ಸರಿಯಾದ ಮಾಹಿತಿ ಸಿಗಲಿಲ್ಲ. ನನ್ನ ಎರಡನೆಯ ಪತ್ರಕ್ಕೆ ತಾವು ಉದಾರವಾಗಿ ಒಂದು ಪೆಟ್ಟಿಗೆಯನ್ನೇ ಕಳುಹಿಸಿದಿರಿ. ಒಳಗೆ ಎರಡು ಹೊಸ ತೋಳುಗಳಿದ್ದವು, ಎರಡೂ ಎಡಗಡೆಯವು. ಅವನ್ನು ಹಾಕಿದ ಮೇಲೆ ಛಾವಣಿ ಒಂದು ಕಡೆಗೆ ಮಾತ್ರ ಏಳತೊಡಗಿತು, ವ್ಯಾನು ಒಂದೇ ಹುಬ್ಬು ಎತ್ತಿಕೊಂಡು ಊರೂರು ತಿರುಗಿತು. ಬಲಗಡೆಗೆ ಬಿದಿರಿನ ಗಳ ಕೊಟ್ಟು ಕೆಲಸ ನಡೆಸಿದೆವು.

ಕುಣಿಗಲ್ಲಿನಲ್ಲಿ ನಾವು ವ್ಯಾನು ನಿಲ್ಲಿಸುವ ಜಾಗದ ಎದುರಿಗೇ ಏಜಾಜ್ ಅಹಮದ್ ಎಂಬುವರ ಸೈಕಲ್ ಶಾಪು ಇದೆ. ಅವರು ಸೈಕಲ್ ಅಲ್ಲದೆ ಹೊಲಿಗೆ ಮಿಷನ್, ಸೀಮೆಎಣ್ಣೆ ಸ್ಟೌ, ನಿಂತುಹೋದ ಗಡಿಯಾರ ಎಲ್ಲವನ್ನೂ ರಿಪೇರಿ ಮಾಡುತ್ತಾರೆ. ಛಾವಣಿ ಸರಿಮಾಡಿಕೊಡಿ ಎಂದು ಅವರನ್ನು ಎಷ್ಟೋ ಸಲ ಕೇಳಿದ್ದೆವು. "ಬೇಡ ಆಪಾ, ಇದು ಫಾರಿನ್ ಕಂಪ್ನಿ ಮಾಲು. ನಾನು ಕೈ ಹಾಕಿ ಹೆಚ್ಚುಕಮ್ಮಿ ಆದ್ರೆ ಆಮೇಲೆ ಕಂಪ್ನಿಯವ್ರೂ ಮುಟ್ಟಲ್ಲ," ಎನ್ನುತ್ತಿದ್ದರು. ತಮ್ಮ ಮೇಲೆ ಅವರಿಗಿದ್ದ ಗೌರವ ಅಂಥದ್ದು. ತಮ್ಮನ್ನು ಅವರು ಎಂದೂ ಕಂಡಿರಲಿಲ್ಲವಲ್ಲ.

ಕಳೆದ ವರ್ಷ ಮಾರ್ಚಿನ ಒಂದು ಗುರುವಾರ ಏಜಾಜ್ ಅವರ ತಾಯಿ ರಹಿಮಾ ಬೀ ವ್ಯಾನಿಗೆ ಬಂದರು. ಎಪ್ಪತ್ತು ದಾಟಿದ ಜೀವ. ಅವರ ಹಜ್ ಯಾತ್ರೆಯ ಅರ್ಜಿ ಶನಿವಾರದೊಳಗೆ ಬೆಂಗಳೂರು ತಲುಪಬೇಕಿತ್ತು, ಅದಕ್ಕೆ ಫೋಟೋ ಬೇಕಿತ್ತು. ಗಂಡಸು ತೆಗೆಯುವ ಫೋಟೋಗೆ ಅವರು ಸುತಾರಾಂ ಒಪ್ಪಿರಲಿಲ್ಲ. ಜನ್ಮದಲ್ಲಿ ಒಂದು ಫೋಟೋಗೂ ಕೂತವರಲ್ಲ. ಸೊಸೆ ಫಾತಿಮುನ್ನೀಸಾ ಕೈ ಹಿಡಿದು ಹತ್ತಿಸಿ ಕೂರಿಸಿದ್ದೇ ತಡ, ತಮ್ಮ ಎರಡು ಎಡಗೈ ತೋಳುಗಳ ಸ್ಪ್ರಿಂಗುಗಳು ಒಟ್ಟಿಗೇ ಕಿತ್ತುಕೊಂಡವು, ಬಿದಿರು ಮುರಿಯಿತು, ಛಾವಣಿ ದಢ್ ಎಂದು ಮುಚ್ಚಿಕೊಂಡಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಒಳಗೆ ಕತ್ತಲು.

ಬಯಲಿನಲ್ಲಿ ಕೂರಿಸಿ ತೆಗೆಯೋಣವೆಂದರೆ ಅವರು ಬಸ್ ನಿಲ್ದಾಣದ ಎದುರು ಮುಸುಕು ತೆಗೆಯುವವರಲ್ಲ. ರಹಿಮಾ ಬೀ ಜಪದ ತಸಬಿಯ ಮಣಿಗಳನ್ನು ಬೇಗ ಬೇಗ ಉರುಳಿಸುತ್ತಿದ್ದರು. ಅದನ್ನು ನೋಡಿ ನನಗೆ ಅಳುವೇ ಬಂತು.

ಆಗ ಬಾಗಿಲಲ್ಲಿ ಮೊಸರಿನ ಗಡಿಗೆ ಇಳಿಸಿ ನಿಂತಿದ್ದ ಹೆಬ್ಬೂರಿನ ನಿಂಗಮ್ಮ ಒಳಗೆ ಇಣುಕಿದಳು. "ಎಷ್ಟ್ ಹೊತ್ತಿನ ಕೆಲ್ಸವ್ವಾ ಅದು?" ಎಂದು ಕೇಳಿದಳು. ಎರಡು ನಿಮಿಷ ಸಾಕೆಂದೆ. "ಅಷ್ಟೇಯಾ? ದಿನಾ ಮೊಸರು ಹೊರೋ ತಲೆ ಇದು, ಎರಡು ನಿಮಿಷ ಇದ್ನೂ ಹೊತ್ತದೆ ಬುಡು," ಎಂದು ತಲೆಯ ಮೇಲಿನ ಸಿಂಬೆಯನ್ನು ಸರಿಮಾಡಿಕೊಂಡು ಒಳಗೆ ಹತ್ತಿದಳು. ಅವಳೊಂದು ಮೂಲೆಗೆ, ಫಾತಿಮುನ್ನೀಸಾ ಒಂದು ಮೂಲೆಗೆ, ಸರದಿಗಾಗಿ ಕಾಯುತ್ತಿದ್ದ ಇನ್ನಿಬ್ಬರು ಹೆಂಗಸರು ಉಳಿದೆರಡು ಮೂಲೆಗೆ. ಸೀಟಿನ ಹಲಗೆಯ ಮೇಲೆ ನಿಂತು, ನಾಲ್ವರೂ ಒಟ್ಟಿಗೆ ಉಸಿರು ಹಿಡಿದು ಎತ್ತಿದರು. ಛಾವಣಿ ಎದ್ದಿತು, ಬಿಳಿ ಬೆಳಕು ಒಳಗೆ ಸುರಿಯಿತು.

ರಹಿಮಾ ಬೀ ತಲೆಯೆತ್ತಿ ನಾಲ್ಕು ಮೂಲೆಗಳನ್ನೂ ನೋಡಿದರು. ಒಬ್ಬೊಬ್ಬರ ಮುಖವೂ ಕೆಂಪಗೆ ಉಬ್ಬಿತ್ತು. ಅವರಿಗೆ ನಗು ತಡೆಯಲಾಗಲಿಲ್ಲ. "ನಗ್ಬೇಡಿ ಅಜ್ಜೀ!" ಎಂದು ನಿಂಗಮ್ಮ ಹಲ್ಲು ಕಚ್ಚಿಕೊಂಡೇ ಕೂಗಿದಳು. "ನೀವು ನಕ್ರೆ ನಂಗೂ ನಗಾ ಬತ್ತದೆ, ನಾನು ನಕ್ರೆ ಈ ಮುಚ್ಚಳ ನಿಮ್ ಮ್ಯಾಲೇ ಬೀಳ್ತದೆ!" ಅದಕ್ಕೆ ಅವರು ಇನ್ನೂ ಜೋರಾಗಿ ನಕ್ಕರು. ನಾನು ಕೈ ತಡೆಯದೆ ಅದನ್ನೂ ಒಂದು ತೆಗೆದೆ, ಆಮೇಲೆ ಅವರು ಗಂಭೀರವಾದ ಮೇಲೆ ಅರ್ಜಿಗೆ ಬೇಕಾದದ್ದನ್ನು ತೆಗೆದೆ.

ವ್ಯಾನಿನಿಂದ ಇಳಿದ ರಹಿಮಾ ಬೀ ನೆಟ್ಟಗೆ ಮಗನ ಅಂಗಡಿಗೆ ನಡೆದರು. ಮನೆಮಾತಿನಲ್ಲಿ ಬೈದರೆ ಅರ್ಧ ಬೀದಿಗೆ ಮಾತ್ರ ತಿಳಿಯುತ್ತದೆಂದು ಕನ್ನಡದಲ್ಲೇ ಶುರುಮಾಡಿದರು. "ಏನ್ಲಾ, ಅಲ್ಲಿ ನಾಲ್ಕು ಜನ ಹೆಣ್ಮಕ್ಳು ತಲೆ ಮೇಲೆ ಛಾವಣಿ ಹೊತ್ಕೊಂಡು ನಿಂತವ್ರೆ, ಅದ್ರಲ್ಲಿ ಒಬ್ಳು ನಿನ್ ಹೆಂಡ್ತಿ. ನೀನಿಲ್ಲಿ ಟ್ಯೂಬಿಗೆ ಗಾಳಿ ಹೊಡೀತಾ ಕೂತಿದೀಯಾ?" ಏಜಾಜ್ ತಮ್ಮ ಕಂಪನಿಯ ಹೆಸರು ಹೇಳಲು ಬಾಯಿ ತೆರೆದರು. "ಕಂಪ್ನಿ ಬಂದು ಎತ್ತತಾ?" ಎಂದು ತಾಯಿ ಕೇಳಿದ ಮೇಲೆ ತಲೆ ತಗ್ಗಿಸಿ ಮತ್ತೆ ಪಂಪು ಹಿಡಿದರು.

ಅಂದು ಸಂಜೆಯೇ ಯಜಮಾನರು ಫೋಟೋ ತೊಳೆದು, ಮರುದಿನ ಮೊದಲ ಬಸ್ಸಿಗೆ ತಾವೇ ಕುಣಿಗಲ್ಲಿಗೆ ಒಯ್ದು ಕೊಟ್ಟರು. ಅರ್ಜಿ ಹೋಯಿತು. ನಗುವ ಫೋಟೋವನ್ನು ರಹಿಮಾ ಬೀ ಕಿಟಕಿಯ ಬಳಿ ಹಿಡಿದುಕೊಂಡು ಬಹಳ ಹೊತ್ತು ನೋಡಿದರಂತೆ. "ಇದು ನಾನಲ್ಲ. ನಮ್ಮಮ್ಮ," ಎಂದರಂತೆ. ಅವರ ತಾಯಿ ತೀರಿಕೊಂಡಾಗ ಅವರಿಗೆ ಒಂಬತ್ತು ವರ್ಷ, ಆ ತಾಯಿಯ ಚಿತ್ರವೆಂಬುದು ಯಾವ ಮನೆಯಲ್ಲೂ ಇರಲಿಲ್ಲ. ಅರವತ್ತು ವರ್ಷಗಳಿಂದ ಆ ಮುಖ ಎಷ್ಟು ನೆನಪಿಸಿಕೊಂಡರೂ ಬರುತ್ತಿರಲಿಲ್ಲವಂತೆ. ಇದನ್ನು ನನಗೆ ಹೇಳಿದ್ದು ಏಜಾಜ್. ಬೈಗುಳಕ್ಕೆ ಅವರು ತಲೆ ತಗ್ಗಿಸಿದ್ದರು ಅಷ್ಟೆ. ಅಂಗಡಿಯ ಬಾಗಿಲು ಹಾಕಿ ವ್ಯಾನನ್ನು ತಮ್ಮ ಹಿತ್ತಲಿಗೆ ತರಿಸಿಕೊಂಡದ್ದು ಆ ಫೋಟೋ ನೋಡಿದ ಮೇಲೆ.

ತಮ್ಮ ತೋಳು, ಸ್ಪ್ರಿಂಗು, ಕೀಲು ಎಲ್ಲವನ್ನೂ ಅವರು ಬಿಚ್ಚಿ ಗೋಣಿಚೀಲಕ್ಕೆ ಹಾಕಿದರು. ಲೇತ್ ಯಂತ್ರದಲ್ಲಿ ನಾಲ್ಕು ದಪ್ಪ ಕಬ್ಬಿಣದ ಸರಳುಗಳಿಗೆ ಸ್ಕ್ರೂವಿನಂತೆ ಸುತ್ತು ಕೊರೆಸಿ ಮೂಲೆಗೊಂದು ನಿಲ್ಲಿಸಿದರು, ಅವು ತಿರುಗಿದಂತೆ ಛಾವಣಿ ನಟ್ಟಿನ ಹಾಗೆ ಏರಬೇಕು. ಪ್ರತಿಯೊಂದರ ಬುಡಕ್ಕೂ ಸೈಕಲ್ಲಿನ ಹಲ್ಲುಚಕ್ರ, ನಾಲ್ಕನ್ನೂ ಸುತ್ತಿ ಬರುವ ಒಂದೇ ಉದ್ದನೆಯ ಚೈನು, ಅದನ್ನು ತಿರುಗಿಸಲು ಒಂದು ಪೆಡಲು. ಮೊದಲ ಸಲ ತಿರುಗಿಸಿದಾಗ ಚೈನು ಸಡಿಲವಾಗಿ ಮೂರು ಮೂಲೆ ಮಾತ್ರ ಎದ್ದವು, ಕ್ಯಾನ್ವಾಸ್ ಪರ್ರೆಂದು ಹರಿಯಿತು. ಏಜಾಜ್ ಮೂರು ದಿನ ಚೈನನ್ನು ಬಿಚ್ಚಿ ಮತ್ತೆ ಮತ್ತೆ ಜೋಡಿಸಿ ನೋಡಿದರು. ನಾಲ್ಕನೆಯ ದಿನ ಚೈನು ಬಿಗಿಯಾಗಿರಲು ಇನ್ನೊಂದು ಪುಟ್ಟ ಚಕ್ರ ಕೂರಿಸಿದರು, ಫಾತಿಮುನ್ನೀಸಾ ಕ್ಯಾನ್ವಾಸಿಗೆ ತೇಪೆ ಹಾಕಿದಳು. ಆಮೇಲೆ ತಾಯಿಯನ್ನು ಕರೆದು ಪೆಡಲು ಅವರ ಕೈಗೇ ಕೊಟ್ಟರು. ಆ ಮುದುಕಿ ಒಂದೇ ಕೈಯಲ್ಲಿ ತಿರುಗಿಸಿದರು. ಛಾವಣಿ ನಾಲ್ಕು ಕಡೆಯೂ ಸಮವಾಗಿ, ಹಾಲು ಉಕ್ಕುವ ಹಾಗೆ ಮೇಲೆ ಬಂತು. "ಬೀಳಲ್ವಾ?" ಎಂದರು. "ಕೈ ಬಿಟ್ರೂ ಬೀಳಲ್ಲ ಅಮ್ಮಿ. ವಾಪಸ್ ತಿರುಗಿಸಿದ್ರೇ ಇಳಿಯೋದು," ಎಂದರು ಏಜಾಜ್. ಆಷಾಢದ ಗಾಳಿಯಲ್ಲಿ ಹುತ್ರಿದುರ್ಗ ಬೆಟ್ಟದ ಬುಡದಲ್ಲಿ ಇಡೀ ದಿನ ನಿಲ್ಲಿಸಿ ನೋಡಿದೆವು. ನನ್ನ ಯಜಮಾನರ ಪೇಪರು ಹಾರಿಹೋಯಿತು, ಛಾವಣಿ ಅಲುಗಲಿಲ್ಲ.

ಈ ಸಂತೋಷವನ್ನು ನನ್ನ ಮೂರನೆಯ ಪತ್ರದಲ್ಲಿ ಹಂಚಿಕೊಂಡಾಗ, ಅನಧಿಕೃತ ವ್ಯಕ್ತಿ ಸಲಕರಣೆ ಬದಲಾಯಿಸಿದ ಕಾರಣ ತಮ್ಮ ಖಾತರಿ ರದ್ದಾಗಿದೆಯೆಂದು ತಿಳಿಸಿದಿರಿ. ನಮಗೆ ಒಂದು ಖಾತರಿ ಇತ್ತೆಂಬುದು ಅದು ಹೋದ ಮೇಲಾದರೂ ಗೊತ್ತಾಯಿತಲ್ಲ, ಅದಕ್ಕೆ ನಾವು ಆಭಾರಿಗಳು.

ಆದ್ದರಿಂದ ಮಾನ್ಯರಲ್ಲಿ ಕೆಲವು ವಿನಂತಿಗಳು. ದಯವಿಟ್ಟು ಕುಣಿಗಲ್ಲಿನ ಆ ಹಿತ್ತಲನ್ನು ತಮ್ಮ ಅಧಿಕೃತ ಕಾರ್ಯಾಗಾರಗಳ ಪಟ್ಟಿಯಲ್ಲಿ ಟೆಹರಾನಿಗಿಂತ ಮೇಲೆ ಬರೆಯಿರಿ. ತಮ್ಮ ಎಂಜಿನಿಯರುಗಳನ್ನು ಆರು ತಿಂಗಳ ತರಬೇತಿಗೆ ಇಲ್ಲಿಗೆ ಕಳುಹಿಸಿರಿ, ಅವರನ್ನು ಬೈಯುವ ಜವಾಬ್ದಾರಿಯನ್ನು ಹಜ್ ಮುಗಿಸಿ ಬಂದು ಈಗ ಹಾಜಿಯಾನಿಯಾಗಿರುವ ರಹಿಮಾ ಬೀ ಸಂತೋಷದಿಂದ ವಹಿಸಿಕೊಂಡಿದ್ದಾರೆ. ಇನ್ನು ಮುಂದೆ ತಾವು ಯಾವ ಛಾವಣಿ ಮಾಡಿದರೂ, ಅದನ್ನು ಮಾರುವ ಮೊದಲು ತಾವೇ ಅದರ ಕೆಳಗೆ ಜರಿ ಪೇಟ ಸುತ್ತಿಕೊಂಡು ಒಂದು ಗಂಟೆ ಕೂತು ನೋಡಬೇಕೆಂದು ಕೋರುತ್ತೇನೆ.

ಛಾವಣಿ ಎಷ್ಟು ಸಲ ಬಿದ್ದರೂ ತಮ್ಮ ಮೇಲಿನ ಗೌರವವನ್ನು ಎರಡು ಕೈಯಲ್ಲೂ ಎತ್ತಿ ಹಿಡಿದಿರುವ,

ತಮ್ಮ ವಿಶ್ವಾಸಿ,
ಖುರ್ಷಿದಾ ಬೇಗಂ

ಮರೆತ ಮಾತು: ಕಳೆದ ಗುರುವಾರ ತಮ್ಮದೇ ಕಂಪನಿಯ ಹೊಚ್ಚಹೊಸ ವ್ಯಾನೊಂದು ಛಾವಣಿ ಇಳಿಯದೆ ಕುಣಿಗಲ್ಲಿನಲ್ಲಿ ನಿಂತಿತ್ತು. ಅದರಲ್ಲಿ ರಜೆಯ ಮೇಲೆ ಕುಟುಂಬ ಸಮೇತ ದೇಶ ನೋಡಲು ಬಂದ ಆ ಮಹನೀಯರು ತಮ್ಮ ವಿಭಾಗದಲ್ಲೇ, ತಮ್ಮ ಪಕ್ಕದ ಕೋಣೆಯಲ್ಲೇ ಕೆಲಸದಲ್ಲಿದ್ದಾರಂತೆ. ಏಜಾಜ್ ಮಧ್ಯಾಹ್ನದೊಳಗೆ ಸರಿಮಾಡಿ ಕಳುಹಿಸಿದರು. ಆ ಮಹನೀಯರು ತಮ್ಮ ಹೆಸರನ್ನು ಕಂಪನಿಗೆ ತಿಳಿಸಬಾರದೆಂದು ಬಹಳವಾಗಿ ಕೇಳಿಕೊಂಡಿರುವುದರಿಂದ ನಾನು ತಿಳಿಸುವುದಿಲ್ಲ. ಅವರ ಫೋಟೋ ಮಾತ್ರ ಲಗತ್ತಿಸಿದ್ದೇನೆ.