ಮುಯ್ಯಿಗೊಂದು ಕಾಲಂ ಇಲ್ಲ

ಟೈಮ್ ಆಫೀಸಿನಲ್ಲಿ ಕೂತವರು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ, ಅಳುವುದಕ್ಕೂ ಅಷ್ಟೇ. ಫೋಂಡಾದ ಹತ್ತಿರ ಒಂದು ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ಹಾಜರಿ ನೋಡುತ್ತಿದ್ದೇನೆ. ಮೊದಲು ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ, ಈಗ ಕಂಪ್ಯೂಟರು ಬರೆಯುತ್ತದೆ, ನಾನು ಬೈಸಿಕೊಳ್ಳುತ್ತೇನೆ. ಮೋತಿ ಡೊಂಗರ್‌ನಿಂದ ದಿನಾ ಬಸ್ಸಿನಲ್ಲಿ ಬರುವ ನನಗೆ ನಮ್ಮ ವಿಜಯಪುರದ ಕಡೆಯ ಹಮಾಲರ ಮಾತೂ ತಿಳಿಯುತ್ತದೆ, ಮ್ಯಾನೇಜರರ ಕೊಂಕಣಿಯೂ ತಿಳಿಯುತ್ತದೆ. ಎರಡೂ ತಿಳಿಯುವುದು ಒಂದು ಶಿಕ್ಷೆ.

ಇಲ್ಲಿ ಹೇಳುವುದೆಲ್ಲ ಲೋಡಿಂಗಿನ ಆರು ಮಂದಿಯ ಒಂದು ಗ್ಯಾಂಗಿನ ಸಂಗತಿ. ಅವರಲ್ಲಿ ಹಿರಿಯನನ್ನು ಎಲ್ಲರೂ ಕಾಕಾ ಅನ್ನುತ್ತಾರೆ. ಮನೆ ಕೊರ್ತಾಲಿಮ್‌ನಲ್ಲಿ. ಹೆಂಡತಿ ನಮಗೆಲ್ಲ ಕಾಕು. ಅವಳ ಎರಡೂ ಕಿಡ್ನಿ ಕೆಟ್ಟಿದ್ದವು, ವಾರಕ್ಕೆರಡು ಸಲ ಆಸ್ಪತ್ರೆಗೆ ಕರೆದೊಯ್ದು ಡಯಾಲಿಸಿಸ್ ಮಾಡಿಸಬೇಕಿತ್ತು. ಖರ್ಚು ಕಾರ್ಖಾನೆಯ ವಿಮೆ ಕಾರ್ಡಿನದು. ಹಾಜರಿ ಕಡಿಮೆಯಾದರೆ ಕಾರ್ಡು ನಿಲ್ಲುತ್ತದೆ. ಆಸ್ಪತ್ರೆಗೆ ಹೋದರೆ ಹಾಜರಿ ಇಲ್ಲ, ಹಾಜರಿ ಇಲ್ಲದಿದ್ದರೆ ಆಸ್ಪತ್ರೆ ಇಲ್ಲ.

ಉಳಿದ ಐವರು ಇದಕ್ಕೊಂದು ದಾರಿ ಮಾಡಿಕೊಂಡಿದ್ದರು. ನಮ್ಮ ಊರ ಕಡೆ ಮುಯ್ಯಿ ಅಂತ ಇದೆಯಲ್ಲ, ಇವತ್ತು ನಿನ್ನ ಹೊಲದಲ್ಲಿ ನಾನು ಕಳೆ ತೆಗೆದರೆ ನಾಳೆ ನನ್ನ ಹೊಲಕ್ಕೆ ನೀನು ಬರಬೇಕು, ರೊಕ್ಕದ ಮಾತಿಲ್ಲ. ಅದೇ. ಕಾಕಾ ಆಸ್ಪತ್ರೆಗೆ ಹೋದ ದಿನ ಒಬ್ಬ ತನ್ನ ಪಾಳಿ ಮುಗಿಸಿ ಕಾಕಾನ ಪಾಳಿಯನ್ನೂ ಮಾಡುತ್ತಿದ್ದ, ನಾನು ರಿಜಿಸ್ಟರಿನಲ್ಲಿ ಕಾಕಾನ ಹೆಸರು ಬರೆಯುತ್ತಿದ್ದೆ. ಕಾಕಾ ತನ್ನ ವಾರದ ಸೂಟಿಗಳಲ್ಲೂ, ನಡುವೆ ಆದಾಗ ಎರಡನೆಯ ಪಾಳಿಯಲ್ಲೂ ಬಂದು ಒಂದೊಂದೇ ತೀರಿಸುತ್ತಿದ್ದ. ನಾನು ಬರೆದದ್ದು ಸುಳ್ಳೇ. ಅದಕ್ಕೆ ನನಗೆ ನಾಚಿಕೆಯೇನಿಲ್ಲ.

ಆಮೇಲೆ ಬೆರಳೊತ್ತುವ ಯಂತ್ರ ಬಂತು, ಜೊತೆಗೆ ಪಗಾರದ ಸಾಫ್ಟ್‌ವೇರ್ ಬಂತು. ಅದರಲ್ಲಿ ಓವರ್‌ಟೈಮಿನ ನಿಯಮಗಳನ್ನು ತುಂಬುವ ಕೆಲಸ ನನ್ನ ಕೊರಳಿಗೆ ಬಿತ್ತು.

೧. ಎರಡು ಸಲ ಬೇಗ ಹೋದವನು

ದಿನಕ್ಕೆ ಒಂಬತ್ತು ತಾಸು ದಾಟಿದರೆ ದುಪ್ಪಟ್ಟು ದರ. ಇದು ಮೊದಲ ನಿಯಮ, ನಾನೇ ತುಂಬಿದೆ. ಆ ವಾರವೇ ಗ್ಯಾಂಗಿನ ಒಬ್ಬ ಸಂಜೆ ಆರಕ್ಕೆ ಬಂದು ಬೆಳಿಗ್ಗೆ ಆರಕ್ಕೆ ಹೋದ. ಹನ್ನೆರಡು ತಾಸು. ಆದರೆ ಕಂಪ್ಯೂಟರಿನ ಪ್ರಕಾರ ರಾತ್ರಿ ಹನ್ನೆರಡಕ್ಕೆ ದಿನ ಮುಗಿಯುತ್ತದೆ. ಹಾಗಾಗಿ ನಿನ್ನೆಗೆ ಆರು ತಾಸು, ಇವತ್ತಿಗೆ ಆರು ತಾಸು. ಓವರ್‌ಟೈಮ್ ಸೊನ್ನೆ, ಮೇಲೆ ಎರಡೂ ದಿನ ಪಾಳಿ ಮುಗಿಯುವ ಮೊದಲೇ ಮನೆಗೆ ಹೋದ ಅಂತ ಕೆಂಪು ಗುರುತು.

ಅವನು ಪಗಾರದ ಚೀಟಿ ಹಿಡಿದು ನನ್ನ ಕಿಟಕಿಗೆ ಬಂದ. ಸಿಟ್ಟಿನ ಮನುಷ್ಯನಲ್ಲ, ಸಮಾಧಾನದಿಂದಲೇ ಹೇಳಿದ.

"ಅಕ್ಕಾರ, ಬೇಗ ಹೋಗಿದ್ರ ಮನ್ಯಾಗ ಹೇಂತಿ ನೋಡ್ತಿದ್ಲಲ್ರಿ. ಆಕಿಗೆ ಫೋನ್ ಹಚ್ಚಿ ಕೇಳ್ರಿ. ನಾ ಎಲ್ಲಿದ್ದೆ ಅಂತ ಆಕಿನೂ ಅದನ್ನ ಕೇಳಾಕತ್ತಾಳ್ರಿ."

೨. ಆಗದೇ ಇದ್ದ ಕೆಲಸ

ರಾತ್ರಿ ಹನ್ನೆರಡರ ಗಂಟು ಬಿಡಿಸಿದೆ. ಆಮೇಲೆ ಇನ್ನೊಂದು ಕಾಣಿಸಿತು. ಮೂರು ತಿಂಗಳಿಗೆ ಇಷ್ಟೇ ತಾಸು ಓವರ್‌ಟೈಮ್ ಮಾಡಿಸಬಹುದು ಅಂತ ಕಾನೂನಿದೆ. ಮೈಮುರಿದು ದುಡಿಯುವವರನ್ನು ಕಾಯುವುದಕ್ಕೆ ಮಾಡಿದ ಕಾನೂನು. ನಮ್ಮ ಸಾಫ್ಟ್‌ವೇರು ಅದನ್ನು ಹೇಗೆ ಪಾಲಿಸಿತು ಅಂದರೆ, ಮಿತಿ ದಾಟಿದ ತಾಸುಗಳನ್ನು ಅಳಿಸಿಬಿಟ್ಟಿತು. ಕಾನೂನು ಒಪ್ಪದ ಕೆಲಸ ನಡೆದೇ ಇಲ್ಲ.

ನಾನು ಮ್ಯಾನೇಜರರ ಹತ್ತಿರ ಹೋಗಿ ಜಗಳ ಆಡಿದೆ. ಅವರು ಕೆಟ್ಟವರಲ್ಲ, ಅಂಜುಬುರುಕರು. ತೋರಿಸಲಿಕ್ಕೆ ಬರದ್ದನ್ನು ಕೊಡಲಿಕ್ಕೂ ಬರುವುದಿಲ್ಲ, ಬಾಯೀ, ಅಂದರು. ಹಾಗಾದರೆ ಮಾಡಿಸಲಿಕ್ಕೆ ಹೇಗೆ ಬಂತು ಅಂತ ಕೇಳಿದೆ. ಅವರು ಫೋನು ತೆಗೆದುಕೊಂಡು ಹೊರಗೆ ಹೋದರು.

ಆ ಅಳಿಸಿಹೋದ ತಾಸುಗಳಲ್ಲೇ ಗ್ಯಾಂಗಿನ ಇನ್ನೊಬ್ಬನ ಕಾಲ ಮೇಲೆ ರಟ್ಟಿನ ಗಂಟು ಬಿದ್ದು ಹೆಬ್ಬೆರಳು ಮುರಿದಿತ್ತು. ಅಪಘಾತದ ಫಾರ್ಮು ತುಂಬಬೇಕು, ಅದರಲ್ಲಿ ಸಮಯ ಬರೆಯಬೇಕು. ಬರೆದರೆ ಕಂಪ್ಯೂಟರು ತಗೊಳ್ಳುವುದಿಲ್ಲ, ಆ ಹೊತ್ತಿಗೆ ಅವನು ಕಾರ್ಖಾನೆಯಲ್ಲಿ ಇರಲಿಲ್ಲ ಅನ್ನುತ್ತದೆ. ಅವನು ಪಟ್ಟಿ ಸುತ್ತಿದ ಕಾಲನ್ನು ಮುಂದೆ ಚಾಚಿ ತೋರಿಸಿದ.

"ಹಂಗಾರ ಅಕ್ಕಾರ, ಕೆಲಸ ಆಗಿಲ್ಲಂತ ಬರೀರಿ. ಬೆರಳು ಮಾತ್ರ ಮುರದೈತಿ ಅಂತ ಬರದ್ರ ನಡೀತೈತೇನ್ರಿ?"

೩. ವಾಪಸು ಬಂದ ಪಗಾರ

ಇದಕ್ಕೂ ಮುಂಚೆ, ಯಂತ್ರ ಬಂದ ಮೊದಲ ತಿಂಗಳು ಮುಗಿದಾಗ ಕಂಪ್ಯೂಟರು ಕಾಕಾನಿಗೆ ಎಂಟು ಗೈರುಹಾಜರಿ ಹಾಕಿತ್ತು. ಅವನ ಪಾಳಿ ದುಡಿದವರಿಗೆ ಆ ಎಂಟೂ ದಿನದ ಓವರ್‌ಟೈಮ್ ಕೊಟ್ಟಿತ್ತು. ಯಂತ್ರ ಬೆರಳನ್ನು ನೋಡುತ್ತದೆ, ಯಾರ ಸಲುವಾಗಿ ಒತ್ತಿದ ಬೆರಳು ಅಂತ ಕೇಳುವುದಿಲ್ಲ. ಇನ್ನೆರಡು ತಿಂಗಳು ಹೀಗೇ ಹೋದರೆ ವಿಮೆ ಕಾರ್ಡು ಹೋಗುತ್ತಿತ್ತು. ಕಾರ್ಡು ಹೋದರೆ ಕಾಕುವೂ ಹೋಗುತ್ತಾಳೆ ಅಂತ ನಮಗೆಲ್ಲ ಗೊತ್ತಿತ್ತು.

ಪಗಾರ ಆದ ಮರುದಿನ ಐವರೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಆ ದುಡ್ಡು ಕಟ್ಟಿಕೊಂಡು ಬಂದರು. "ಇದು ನಮ್ದಲ್ರಿ ಅಕ್ಕಾರ. ಕಂಪನಿಗೆ ತಿರುಗಿ ಕೊಡ್ರಿ, ಕಾಕಾಗ ಹಾಜರಿ ಹಾಕ್ರಿ."

ಅವರನ್ನು ಅಕೌಂಟ್ಸ್‌ನವರ ಮೇಜಿಗೆ ಕರೆದುಕೊಂಡು ಹೋದೆ. ಕೆಲಸಗಾರರು ಓವರ್‌ಟೈಮಿನ ದುಡ್ಡು ವಾಪಸು ಕೊಡಲು ಬಂದಿದ್ದಾರೆ ಅಂದೆ. ಅಕೌಂಟ್ಸ್‌ನವರು ನನ್ನ ಮುಖ ನೋಡಿದರು, ಐವರ ಮುಖ ನೋಡಿದರು, ಆಮೇಲೆ ಚೀಲದಿಂದ ಒಂದೊಂದೇ ನೋಟು ತೆಗೆದು ಖೋಟಾ ಇರಬಹುದೇ ಅಂತ ಬೆಳಕಿಗೆ ಹಿಡಿದು ನೋಡತೊಡಗಿದರು.

೪. ಮುಚ್ಚಿದ ದೂರು

ಸಾಫ್ಟ್‌ವೇರ್ ಕಂಪನಿಗೆ ಫೋನು ಮಾಡಿ ಪೀಡಿಸಿದೆ. ಕಡೆಗೆ ಅಲ್ಲಿಯ ಎಂಜಿನಿಯರ್, 'ಪಾಳಿ ಬದಲಾವಣೆ' ಅಂತ ಒಂದು ಜಾಗ ಇದೆ, ಯಾರೂ ಬಳಸುವುದಿಲ್ಲ ಅಂದ. ಒಬ್ಬನ ಎರಡನೆಯ ಪಾಳಿಯನ್ನು ಇನ್ನೊಬ್ಬನ ಹಾಜರಿಗೆ ಹಾಕಬಹುದು, ಅವನು ಮುಂದೆ ತೀರಿಸುವುದು ಬಾಕಿ ಅಂತ ತೋರಿಸುತ್ತದೆ. ಮ್ಯಾನೇಜರರನ್ನು ಕೇಳದೆ ಹಾಕಿದೆ. ಹಾಜರಿ ಉಳಿಯಿತು, ಕಾರ್ಡು ಉಳಿಯಿತು. ಕಾಕು ಆಮೇಲೆ ಹನ್ನೊಂದು ತಿಂಗಳು ಬದುಕಿದಳು.

ಆ ಹನ್ನೊಂದನೆಯ ತಿಂಗಳಲ್ಲೇ ಹೆಡ್ ಆಫೀಸಿನವರ ಕಣ್ಣು ಈ ಕಾಲಂ ಮೇಲೆ ಬಿತ್ತು. ಓವರ್‌ಟೈಮ್ ಖರ್ಚು ಇಳಿಯುತ್ತದೆ ಅಂತ ಅವರಿಗೆ ಭಾಳ ಖುಷಿಯಾಯಿತು. ಖುಷಿಯಲ್ಲಿ ಒಂದು ನಿಯಮವನ್ನೂ ಸೇರಿಸಿದರು: ತಿಂಗಳ ಕೊನೆಗೆ ತೀರದೆ ಉಳಿದ ಪಾಳಿಗಳೆಲ್ಲ ರದ್ದು. ಕಾಕಾನ ತಲೆಯ ಮೇಲೆ ಒಂಬತ್ತು ಪಾಳಿ ಬಾಕಿ ಇತ್ತು. ಒಂದನೇ ತಾರೀಖು ನೋಡಿದರೆ ಸೊನ್ನೆ.

ಮಣ್ಣು ಮಾಡಿ ಹನ್ನೆರಡು ದಿನದ ಮೇಲೆ ಕಾಕಾ ಕೆಲಸಕ್ಕೆ ಬಂದ. ಸಮಾಧಾನಕ್ಕೆ ಇದಾದರೂ ಇರಲಿ ಅಂತ ನಾನೇ ಹೇಳಿದೆ, ಕಾಕಾ, ನೀವು ಕೊಡಬೇಕಾದ ಮುಯ್ಯಿ ಎಲ್ಲ ಮಾಫ್ ಆಯಿತು. ಅವನ ಮುಖ ಕಪ್ಪಿಟ್ಟಿತು.

"ಯಾರು ಮಾಫ್ ಮಾಡಿದ್ರಿ? ಆಕಿ ಬದುಕಿದ್ದು ಈ ಹುಡುಗೂರ ಪಾಳಿ ಮ್ಯಾಲ್ರಿ. ಅದನ್ನ ಮಾಫ್ ಮಾಡಾಕ ಕಂಪನಿ ಯಾರ್ರಿ? ನನ್ನ ಒಂಬತ್ತು ನನಗ ತಿರುಗಿ ಹಚ್ಚ್ರಿ."

ಇಷ್ಟು ವರ್ಷದಲ್ಲಿ ತನ್ನ ಬಾಕಿ ಹೆಚ್ಚಿಸಿ ಅಂತ ನನ್ನ ಕಿಟಕಿಗೆ ಬಂದವನು ಇವನೊಬ್ಬನೇ. ಹೆಡ್ ಆಫೀಸಿಗೆ ದೂರು ಹಾಕಿದೆ. ಎರಡು ದಿನಕ್ಕೆ ಉತ್ತರ ಬಂತು: ನೌಕರನಿಗೆ ಯಾವ ನಷ್ಟವೂ ಆಗಿಲ್ಲ, ದೂರು ಮುಚ್ಚಲಾಗಿದೆ, ನಮ್ಮ ಸೇವೆ ನಿಮಗೆ ಸಂತೋಷ ಕೊಟ್ಟಿದ್ದರೆ ನಗುವ ಮುಖವನ್ನು ಒತ್ತಿ.

ಅಳುವ ಮುಖ ಒತ್ತಿದೆ. ದಯವಿಟ್ಟು ಕಾರಣ ತಿಳಿಸಿ ಅಂತ ಬಂತು, ಹತ್ತು ಅಕ್ಷರ ಮೀರದಂತೆ.

೫. ಆರನೆಯವನು

ಮುಂದಿನ ಬುಧವಾರ ಕಾಕಾನ ವಾರದ ಸೂಟಿ, ಅವನ ಜಾಗಕ್ಕೆ ಬದಲಿ ಆಳು ಬಂದಿದ್ದ. ಅವತ್ತು ಗ್ಯಾಂಗಿನ ಒಬ್ಬ ಬರಲಿಲ್ಲ, ಕಂಪ್ಯೂಟರು ಅವನಿಗೆ ಗೈರುಹಾಜರಿ ಹಾಕಿತು. ಆ ದಿನದ ಸಂಬಳ ಹೋದರೂ ಅಡ್ಡಿಯಿಲ್ಲ ಅಂತ ಅವನು ಒಪ್ಪಿದ್ದ. ಇಲ್ಲದಿದ್ದರೆ ಕಾಕಾ ಊಟ ಬಿಡುತ್ತೇನೆ ಅಂದಿದ್ದನಂತೆ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಮಧ್ಯಾಹ್ನ ಮ್ಯಾನೇಜರರು ಫೋನಿನಲ್ಲಿ ನೋಡಿಕೊಂಡು ನನ್ನ ಹತ್ತಿರ ಬಂದರು. ಲೋಡಿಂಗಿನಲ್ಲಿ ಐದೇ ಮಂದಿ ತೋರಿಸುತ್ತಿದೆ, ಆದರೆ ಲಾರಿ ಹೊತ್ತಿಗೆ ಮುಂಚೆಯೇ ತುಂಬಿದೆ, ಏನಿದು ಅಂದರು. ಇಬ್ಬರೂ ಹೋದೆವು. ಅವರು ಬೆರಳು ಮಾಡಿ ಎಣಿಸಿದರು, ಆರು. ಫೋನು ನೋಡಿದರು, ಐದು. ಮತ್ತೆ ಎಣಿಸಿದರು, ಆರು.

ಸಾಲಿನ ಕೊನೆಗೆ ಗಂಟು ಹೊತ್ತು ಬರುತ್ತಿದ್ದವನು ಕಾಕಾ. ಯಂತ್ರಕ್ಕೆ ಬೆರಳು ಕೊಡದೆ, ಲಾರಿಯಲ್ಲೇ ಕೂತು ಲೋಡಿಂಗ್ ಗೇಟಿನಿಂದ ಒಳಗೆ ಬಂದಿದ್ದ. ಬಿಳಿ ಗಡ್ಡ ಬೆಳೆದಿತ್ತು, ಮೈಯೆಲ್ಲ ಬೆವರು. ನನಗೆ ಕಣ್ಣು ತುಂಬಿ ಬಂತು, ಮ್ಯಾನೇಜರರ ಹಿಂದೆ ಸರಿದು ನಿಂತೆ.

"ಅರೇ, ನಿನಗೆ ಇವತ್ತು ಸೂಟಿ ಅಲ್ಲವೇನೋ" ಅಂದರು ಮ್ಯಾನೇಜರರು ಕೊಂಕಣಿಯಲ್ಲಿ. ಅದನ್ನೇ ನಾನು ಕಾಕಾನಿಗೆ ಕನ್ನಡದಲ್ಲಿ ಕೇಳಿದೆ.

ಕಾಕಾ ಗಂಟು ಇಳಿಸಲಿಲ್ಲ. ಅದರ ಕೆಳಗಿನಿಂದಲೇ ಹೇಳಿದ. "ಹೌದ್ರಿ, ಸೂಟಿ ಐತ್ರಿ. ನಾ ಎಲ್ಲಿ ಬಂದೇನ್ರಿ? ಕಂಪ್ಯೂಟರಿನ್ಯಾಗ ನೋಡ್ರಿ ಬೇಕಾದ್ರ. ಇನ್ನ ಎಂಟ ಬುಧವಾರ ನಾ ಬರಂಗಿಲ್ರಿ, ಸಾಹೇಬ್ರಿಗೆ ಹೇಳಿಬಿಡ್ರಿ." ಹೇಳಿ ಲಾರಿಯ ಕಡೆಗೆ ನಡೆದ.

ಮ್ಯಾನೇಜರರು ನನ್ನ ಕಡೆ ತಿರುಗಿದರು. "ಏನಂತಾನೆ?"

"ಬಂದಿಲ್ಲವಂತೆ, ಸರ್" ಅಂದೆ.

ಅವರು ಕಾಕಾನ ಬೆನ್ನು ನೋಡಿದರು, ಫೋನು ನೋಡಿದರು, ಫೋನನ್ನು ಜೇಬಿಗೆ ಹಾಕಿಕೊಂಡರು.

"ಸರಿ ಹಾಗಾದರೆ. ಬಂದಿಲ್ಲದವನಿಗೆ ಒಂದು ಚಹಾ ಕೊಡಿಸು."